ಮೂರೇ ತಾಸಿನ ಜೋರ್ಹಾಟ

ನಮ್ಮ ಚಿಗವ್ವನ ಲೆಕ್ಕದಲ್ಲಿ ಅಸ್ಸಾಂ ಎಂಬುದು ಕಲಬುರಗಿಯ ಬಗಲಿನ ಊರು! ನಗಬೇಡಿ. ಸುರಪುರದ ರಂಗಂಪೇಟೆಯ ಅವಳ ಓಣಿಗೆ ಓಣಿಯೇ ಇದನ್ನು ನಂಬಿತ್ತು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಅವಳ ಒಬ್ಬಳೇ ಮಗಳು ಸೈನಿಕನನ್ನು ಮದುವೆಯಾಗಿ ಅಸ್ಸಾಮಿನ ಜೋರ್ಹಾಟ್ ಸೇರಿದಳು. ಎಷ್ಟು ದೂರ ನೋಡು ಎಂದು ಚಿಗವ್ವ ಕೇಳಿದಳು. ನಾನು ಫೋನ್ ತೆಗೆದು ನೋಡಿದೆ. ಕಲಬುರಗಿ ವಿಮಾನ ನಿಲ್ದಾಣದಿಂದ ಜೋರ್ಹಾಟ್ ನಿಲ್ದಾಣಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರ್, ಹಾರಾಟ ಮೂರು ತಾಸು ಎಂದಿತು. ಎರಡು ಸಾವಿರವನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇಲ್ಲಿಂದ ಕಲಬುರಗಿಗಿ ಬಸ್ಸಿನ್ಯಾಗ ಹೋದ್ರೂ ಮೂರು ತಾಸ ಹಿಡೀತದಲ್ಲೋ!”

“ನೆಟ್ಟಗ ಅಲ್ಲಿಗಿ ಹೋಗೋ ವಿಮಾನ ಇಲ್ಲ ಚಿಗವ್ವ. ಮೊದಲ ಬೆಂಗಳೂರು, ಅಲ್ಲಿಂದ ಕಲ್ಕತ್ತಾ, ಅಲ್ಲಿ ಕಾದು ಕುಂತು...”

“ಇಲ್ಲದ ವಿಮಾನದ ಟೈಮ್ ಫೋನ್ ಯಾಕ ಹೇಳ್ತದ? ಅದಕ್ಕೇನು ಹುಚ್ಚ ಹಿಡದದನು?”

ಇದಕ್ಕೆ ಏನು ಹೇಳುತ್ತೀರಿ?

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಓಣಿಗೆಲ್ಲ ಆಯಿ. ಇಬ್ಬರಿಗೂ ನಳದ ನೀರಿನಿಂದ ಹಿಡಿದು ಎಲ್ಲದಕ್ಕೂ ಜಗಳ. ನಾಗರ ಪಂಚಮಿಯ ದಿನ ಆಯಿ ಕೆಣಕಿದಳು: “ಮಗಳ್ನ ದೇಶದ ತುದಿಗಿ ಕೊಟ್ಟು ಕುಂತೀದಿ ನೋಡವ್ವ.”

“ನಿನ್ನ ಮಗಳು ಇಲ್ಲೇ ಕಕ್ಕೇರಾದಾಗ ಅದಾಳ, ಹಬ್ಬಕ್ಕ ಬಂದಾಳೇನು? ನನ್ನಾಕಿ ಮೂರೇ ತಾಸಿನ್ಯಾಗ ಅದಾಳ!”

ಆಯಿ ಕೊಡ ಎತ್ತಿಕೊಂಡು ಒಳಗೆ ಹೋದಳು. ಮೂರು ತಾಸಿನವಳೂ ಬಂದಿರಲಿಲ್ಲ, ಆ ಮಾತು ಬೇರೆ!

ಮಗಳು ಫೋನಿನಲ್ಲಿ ಅತ್ತರೆ ಚಿಗವ್ವನೇ ಬೈಯುತ್ತಿದ್ದಳು. “ಅಳಾಕ ಏನಾಗ್ಯದ? ನೀ ಉಂಡು ಅಲ್ಲಿಂದ ಬಿಟ್ಟರ ನಾ ತಾಟು ತೊಳೆಯೂದ್ರಾಗ ಬಂದಿರ್ತಿ.” ಫೋನ್ ಇಟ್ಟ ಮೇಲೆ ತೊಳೆದ ತಾಟನ್ನೇ ಮತ್ತೆ ತೊಳೆಯುತ್ತಿದ್ದಳು.

ಈ ಸಲ ಸಂಕ್ರಾಂತಿ ಮುಗಿದ ವಾರ, ಬೆಳಿಗ್ಗೆ, ಚಿಗವ್ವ ಏಳಲಿಲ್ಲ. ನಾನು ಶಹಾಪುರದಿಂದ ಓಡಿ ಬರುವಷ್ಟರಲ್ಲಿ ಹಿರಿಯರು ಮಣ್ಣು ಮಾಡುವ ಹೊತ್ತು ಗೊತ್ತು ಮಾಡಿದ್ದರು. “ಮಗಳು ಮೂರು ತಾಸಿನ್ಯಾಗ ಬರ್ತಾಳ, ಮುಖ ನೋಡಿದ ಮ್ಯಾಲ ಒಯ್ಯೋಣು.” ಯಾರು ಹೇಳಿದರು ಎಂದು ಕೇಳಿದೆ. ಓಣಿಯೆಲ್ಲ ಹೇಳಿತ್ತು!

ಮಧ್ಯಾಹ್ನವಾಯಿತು. ಹೊತ್ತು ವಾಲಿತು. ಹಿರಿಯರೊಬ್ಬರು ಸಿಟ್ಟಾದರು. “ಮುಂಜಾನಿಂದ ಮೂರು ತಾಸ, ಮೂರು ತಾಸ ಅನ್ನಾಕತ್ತೀರಿ. ಹಡದವ್ವ ಸತ್ರೂ ಬರಾಕ ಆಗಲ್ಲೇನು ಅಕಿಗಿ?”

ಆಗ ನಿಜ ಹೇಳಲೇಬೇಕಾಯಿತು. ಅವಳು ಹೊರಟಿದ್ದಾಳೆ, ಮುಟ್ಟುವುದು ನಾಳೆ ಮಧ್ಯಾಹ್ನ ಎಂದೆ. ಇಂದೇ ಮುಗಿಸೋಣ ಎಂದು ಇಬ್ಬರು ಮೂವರು ಎದ್ದರು. ಪಕ್ಕದ ಮನೆಯ ಆಯಿ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಆ ದಾರಿ ಎಷ್ಟುದ್ದ ಅದ ಅಂತ ಅಕಿಗಿ ನಿಮಗಿಂತ ಚಲೋ ಗೊತ್ತಿತ್ತು. ಗೊತ್ತಿದ್ದಕ್ಕ ಮೂರು ತಾಸು ಅಂತಿದ್ಲು. ಇಲ್ಲಾಂದ್ರ ಅಕಿ ಇರಾಕ ಆಗ್ತಿತ್ತೇನ್ರಿ? ಕುಂದರ್ರಿ. ಮಗಳು ಬರೂತನ ಯಾರೂ ಎತ್ತಂಗಿಲ್ಲ.”

ಎಲ್ಲರೂ ಕೂತರು. ನಾನು ಐಸ್ ಪೆಟ್ಟಿಗೆ ತರಿಸಿದೆ.

ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಮಗಳು ಆಟೊದಿಂದ ಇಳಿದಳು. ಜೋರ್ಹಾಟಿನ ಚಳಿಗೆ ತೊಟ್ಟ ದಪ್ಪ ಸ್ವೆಟರ್ ಇನ್ನೂ ಮೈಮೇಲೆಯೇ ಇತ್ತು. ದಾರಿಯಲ್ಲಿ ಅದನ್ನು ಕಳಚಬೇಕೆಂದೂ ಅವಳಿಗೆ ತೋಚಿರಲಿಲ್ಲ. ಅವ್ವನ ಪಾದ ಹಿಡಿದು ಕೂತವಳನ್ನು ಮುಟ್ಟಲು ನಮಗಾರಿಗೂ ಧೈರ್ಯವಾಗಲಿಲ್ಲ. ಆಯಿ ಹತ್ತಿರ ಹೋಗಿ, ಒಂದು ತೋಳು, ಆಮೇಲೆ ಇನ್ನೊಂದು ತೋಳು, ನಿದ್ದೆಗಣ್ಣಿನ ಕೂಸಿಗೆ ಬಿಚ್ಚುವ ಹಾಗೆ ಸ್ವೆಟರ್ ಬಿಚ್ಚಿದಳು. ಬೆನ್ನಿನ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು.