ಬಾಳೆಗಿಡಕ್ಕೆ ಬಿಸಿನೀರಿನ ಚೀಲ

ಬಾಳೆಗಿಡಕ್ಕೆ ಚಳಿಯಾಗುತ್ತಿರಬಹುದೇ? ಜನವರಿಯ ಹತ್ತು ದಿನ ನನ್ನನ್ನು ತಿಂದ ಚಿಂತೆ ಇದು. ಈಡೀ ಎಂಬ ನನ್ನ ಪುಟ್ಟ ಮಗಳು ತೊಟ್ಟಿಲಲ್ಲಿ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂಬ ಚಿಂತೆ ಲೆಕ್ಕಕ್ಕಿಲ್ಲ. ಅದು ಖಾಯಂ ನೌಕರ.

ಗಿಡ ನನ್ನ ಮಾವ ವಿಲ್ಫ್ ಅವರದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ನಮ್ಮ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ ಸಾಕಿದ್ದು. ಪ್ರತಿ ನವೆಂಬರಿನಲ್ಲಿ ಎಲೆ ಕತ್ತರಿಸಿ, ಸುತ್ತ ತಂತಿ ಬಲೆ ಕಟ್ಟಿ, ಒಳಗೆ ಒಣಹುಲ್ಲು ತುರುಕಿ, ತಲೆಗೆ ತಗಡು ಮುಚ್ಚುತ್ತಾರೆ. ಬೇಸಿಗೆಯಲ್ಲಿ ಅದು ಬೇಲಿ ದಾಟಿ ಎಲೆ ಬೀಸಿದಾಗ ಬೀದಿಯವರೆಲ್ಲ ನೋಡಲು ಬರುತ್ತಾರೆ. ಮಾವನಿಗೆ ಅದೇ ಪಟ್ಟಾಭಿಷೇಕ. ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ತಮ್ಮ ಮಗಳ ಊರಿಗೆ ಹೊರಟವರು ನನ್ನ ಕೈ ಹಿಡಿದರು.

"ಅದಕ್ಕೆ ಏನೂ ಮಾಡಬೇಡಮ್ಮ. ಏಪ್ರಿಲ್ ತನಕ ಮುಟ್ಟಲೇಬೇಡ."

ಏನೂ ಮಾಡದಿರುವುದು! ಪದವೀಧರೆಗೆ, ಅದರಲ್ಲೂ ಒಂದು ಹೆತ್ತವಳಿಗೆ, ಇದೂ ಒಂದು ಕೆಲಸವೇ? "ನಿಶ್ಚಿಂತೆಯಿಂದ ಹೋಗಿಬನ್ನಿ ಮಾವ" ಎಂದು ಅಭಯ ಕೊಟ್ಟೆ.

ಮೂರನೆಯ ದಿನ ಹಿಮ ಬಿತ್ತು. ಒಮ್ಮೆ ನೋಡಿದರೆ ತಪ್ಪೇನು ಎಂದು ಹುಲ್ಲು ಸರಿಸಿ ಕೈಯಿಟ್ಟೆ. ದಿಂಡು ತಣ್ಣಗಿತ್ತು.

"ಗಿಡ ಬೆಚ್ಚಗಿದ್ದಿದ್ದನ್ನ ಯಾವಾಗ ನೋಡಿದ್ದೆ?" ಎಂದ ಗಂಡ ಕ್ಯಾಲಮ್.

"ನಿನಗೆ ಕರುಳೇ ಇಲ್ಲ."

"ಈಡೀಯ ಹೊದಿಕೆನ ಅದಕ್ಕೆ ಸುತ್ತಿದ್ರೆ ಈಡೀಗೇನು ಹೊದಿಸ್ತೀಯ?"

"ನಿನ್ನ ಸ್ವೆಟರು."

ಮರುದಿನ ಆ ಸ್ವೆಟರೂ ಗಿಡದ ಮೈಗೇ ಏರಿತು. ಅಲ್ಲಿಂದ ಮುಂದೆ ದಿನಕ್ಕೆರಡು ಸಲ, ಈಡೀಗೆ ಹಾಲಾದ ಕೂಡಲೇ, ಗಿಡಕ್ಕೆ ಬಿಸಿನೀರಿನ ರಬ್ಬರ್ ಚೀಲ. ಪಕ್ಕದ ಮನೆಯ ಮುದುಕಿ ಡೋರೀನ್ ಬೇಲಿಯ ಮೇಲಿಂದ ಇಣುಕಿದರು.

"ಯಾರಿಗಮ್ಮ ಹುಷಾರಿಲ್ಲ?"

"ಯಾರಿಗೂ ಇಲ್ಲ. ಸುಮ್ನೆ ವಿಚಾರಿಸ್ಕೊಳ್ತಿದೀನಿ."

"ಚಳಿಗಾಲಕ್ಕೆ ಮಲಗಿರೋ ಗಿಡನ ಎಬ್ಬಿಸಿ ವಿಚಾರಿಸ್ತಾರಾ?"

ಹತ್ತನೆಯ ದಿನ ಚೀಲದ ಬಿರಡೆ ಸಡಿಲವಾಗಿ ನೀರೆಲ್ಲ ಹುಲ್ಲಿಗೆ ಇಳಿಯಿತು, ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿತು. ಬಲೆ ಬಿಚ್ಚಿದರೆ, ಆಳೆತ್ತರದ ದಿಂಡು ಬೆಂದ ಈರುಳ್ಳಿಯ ಹಾಗೆ ಮೆತ್ತಗಾಗಿ ನನ್ನ ಹೆಗಲ ಮೇಲೆ ಒರಗಿತು. ಹನ್ನೊಂದು ಚಳಿಗಾಲ ಗೆದ್ದ ವೀರ ನನ್ನ ಒಂದು ವಾರದ ಆರೈಕೆಗೆ ಶರಣಾಗಿದ್ದ.

"ಅಪ್ಪನಿಗೆ ಹೇಳಿಬಿಡು" ಎಂದ ಕ್ಯಾಲಮ್.

"ಆಪರೇಷನ್ ಆದವರಿಗೆ? ಎದೆ ಒಡೆದುಹೋಗುತ್ತೆ. ನೀನೇ ಹೇಳು."

"ಸ್ವೆಟರ್ ಕಳ್ಕೊಂಡೋನು ನಾನು. ಈ ಕೇಸಲ್ಲಿ ನಾನು ಫಿರ್ಯಾದಿ."

ನಾಲ್ಕು ದಿನ ಫೋನಿಗೆ ಪ್ರದಕ್ಷಿಣೆ ಹಾಕಿದೆ. ಐದನೆಯ ದಿನ ಈಡೀಯನ್ನು ಸೊಂಟಕ್ಕೇರಿಸಿಕೊಂಡು, ಅಳು ಬಂದರೆ ಮಗುವಿನದೆನ್ನಬಹುದೆಂಬ ಧೈರ್ಯದಿಂದ, ಫೋನ್ ಮಾಡಿಯೇಬಿಟ್ಟೆ.

"ಮಾವ, ನಿಮ್ಮ ಗಿಡ..."

"ತಡಿ ತಡಿ. ಡೋರೀನ್ ಹೋದ ವಾರಾನೇ ಫೋನ್ ಮಾಡಿ ಕಥೆ ಶುರು ಮಾಡಿದ್ಲು. ಅರ್ಧಕ್ಕೇ ಬಾಯಿ ಮುಚ್ಚಿಸಿದೆ. ನಕ್ಕರೆ ಹೊಲಿಗೆ ಹರಿಯುತ್ತೆ ಅಂದಿದ್ರು ಡಾಕ್ಟ್ರು."

"ಗಿಡ ಸತ್ತೋಯ್ತು ಮಾವ."

"ಮೇಲಿಂದು ಹೋಗಿರುತ್ತೆ. ಬುಡ ನೆಲದೊಳಗಿದೆ, ಪುಣ್ಯಕ್ಕೆ ನಿನ್ನ ಕೈಗೆ ಸಿಕ್ಕಿಲ್ಲ. ಮೇ ತಿಂಗಳಲ್ಲಿ ಚಿಗುರುತ್ತೆ ಬಿಡು. ಅದಿರ್ಲಿ, ಇವತ್ತು ಬೆಳಿಗ್ಗೆ ಹೊಲಿಗೆ ಬಿಚ್ಚಿದ್ರು. ಫೋನು ಸ್ಪೀಕರಿಗೆ ಹಾಕಿದೀನಿ, ಇಲ್ಲಿ ಎಲ್ಲರೂ ಕಾದು ಕೂತಿದಾರೆ. ಈಗ ನಿಧಾನಕ್ಕೆ ಹೇಳು. ಸ್ವೆಟರ್ ಹಾಕಿದ ಮೇಲೆ ತೇಗು ಬರೋ ಹಾಗೆ ಬೆನ್ನೂ ತಟ್ಟಿದ್ಯಾ?"