ರುಕ್ಕು ಉತ್ತರ ಕೊಡುತ್ತಿಲ್ಲ

ಎರಡು ಕಂಪ್ಯೂಟರುಗಳನ್ನು ಮಾತಾಡಿಸುವುದು ಏನು ಮಹಾ ಕೆಲಸ ಎಂದು ನಾನು ಕೇಳಿದ್ದು ನಿಜ. ಅದನ್ನು ನಮ್ಮ ಬಾಸ್ ಪ್ರಧಾನ್ ಸಾಹೇಬರ ಎದುರಿಗೇ ಗಟ್ಟಿಯಾಗಿ ಕೇಳಿದ್ದೂ ನಿಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನನ್ನ ಹೆಂಡತಿ ರುಕ್ಮಿಣಿ, ಅಂದರೆ ರುಕ್ಕು, ಶಾಲೆಯಲ್ಲಿ ಮಕ್ಕಳಿಗೆ ಪ್ರತಿ ವರ್ಷ ಕಲಿಸುತ್ತಿದ್ದಳು. ಮನೆಯಲ್ಲಿದ್ದ ದೊಡ್ಡ ಮಗುವಿಗೆ ಕಲಿಸಲು ಅವಳಿಗೆ ಪುರಸೊತ್ತಾಗಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮುಂಬಯಿಯ ಗ್ರಾಂಟ್ ರೋಡಿನ ಹಳೆಯ ಕಟ್ಟಡವೊಂದರಲ್ಲಿ, ಒಂದು ಉಡುಪಿ ಹೋಟೆಲಿನ ನೆತ್ತಿಯ ಮೇಲೆ ನಮ್ಮ ಕಂಪನಿ ಇತ್ತು. ಔಷಧಿ ಹಂಚುವ ದೊಡ್ಡ ಸಂಸ್ಥೆಯೊಂದು ನಮಗೆ ಗಿರಾಕಿಯಾಗುವ ಸೂಚನೆ ಕೊಟ್ಟಿತ್ತು. ಅವರ ಗೋಡೌನುಗಳಲ್ಲಿದ್ದದ್ದು ಡಾಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಸಣ್ಣ ಪಿಸಿಗಳು; ಹೆಡ್ಡಾಫೀಸಿನಲ್ಲಿದ್ದದ್ದು ಯುನಿಕ್ಸ್ ಎಂಬ ಇನ್ನೊಂದರಲ್ಲಿ ನಡೆಯುವ, ಬೀರುವಿನಷ್ಟು ದೊಡ್ಡ ಯಂತ್ರ. ಗೋಡೌನಿನಲ್ಲಿ ಎಷ್ಟು ಮಾಲು ಇದೆ ಎಂದು ಪಿಸಿ ಹೇಳಬೇಕು, ಬೀರು ಕೇಳಿಸಿಕೊಳ್ಳಬೇಕು. ಹೀಗೆ ಮಾತು ಹೋಗಿ ಬರಲು ಪ್ರೋಗ್ರಾಮುಗಳ ನಡುವೆ ಇರುವ ಬಾಗಿಲಿಗೆ ಸಾಕೆಟ್ ಎನ್ನುತ್ತಾರೆ. ತೊಂದರೆ ಏನೆಂದರೆ, ಡಾಸ್‌ನ ಬಾಗಿಲು ಎಳೆದರೆ ತೆರೆಯುತ್ತದೆ, ಯುನಿಕ್ಸ್‌ನ ಬಾಗಿಲು ನೂಕಿದರೆ ತೆರೆಯುತ್ತದೆ. ನಾನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವ ಫಂಕ್ಷನ್‌ಗಳನ್ನು, ಅಂದರೆ ಪ್ರೋಗ್ರಾಮಿನ ಸಣ್ಣ ತುಂಡುಗಳನ್ನು, ಬಳಸುವವನಿಗೆ ತಾನು ಎಳೆಯುತ್ತಿದ್ದೇನೋ ನೂಕುತ್ತಿದ್ದೇನೋ ಗೊತ್ತೇ ಆಗಬಾರದು. ಎರಡೂ ಕಡೆ ಒಂದೇ ಹಿಡಿ.

"ಏಕ್ ಹೀ ಇಂಟರ್‌ಫೇಸ್, ದೋನೋ ಜಗಹ್," ಎಂದರು ಪ್ರಧಾನ್ ಸಾಹೇಬರು. "ಹೋ ಗಯಾ ತೋ ಪ್ರಮೋಷನ್. ನಹೀ ಹುವಾ ತೋ ನಾಗಪುರ್."

ಆಗದಿದ್ದರೆ ನಾಗಪುರಕ್ಕೆ ವರ್ಗ. ನಾಗಪುರ ಒಳ್ಳೆಯ ಊರು. ಆದರೆ ಅಲ್ಲಿ ನಮ್ಮ ಶಾಖೆಯಲ್ಲಿದ್ದದ್ದು ಸಂಬಳದ ಚೀಟಿ ಮುದ್ರಿಸುವ ಕೆಲಸ ಮಾತ್ರ. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ ಇತ್ತು: ಆಂಟಾಪ್ ಹಿಲ್ ಹತ್ತಿರದ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಟೆಂಪರರಿ ಟೀಚರ್ ಆಗಿ ದುಡಿದ ರುಕ್ಕುವಿಗೆ ಆಗಷ್ಟೇ ಕಾಯಂ ಕೆಲಸ ಕೊಡುತ್ತೇವೆ ಎಂದಿದ್ದರು. ಶಾಲೆಗೆ ರಜೆಯಿದ್ದರೂ ಶುಕ್ರವಾರ ಸಂಜೆಯೊಳಗೆ ಅವಳು ಅಲ್ಲಿನ ಆಫೀಸಿಗೆ ಹೋಗಿ ಸಹಿ ಹಾಕಬೇಕು. ಗಿರಾಕಿಗೆ ಯಂತ್ರಗಳನ್ನು ಮಾತಾಡಿಸಿ ತೋರಿಸುವ ನನ್ನ ಡೆಮೊ ಕೂಡ ಶುಕ್ರವಾರವೇ.

"ನೀವು ಮಾಡ್ತೀರ ಅಂತ ನಂಗೆ ಗೊತ್ತು," ಎಂದಿದ್ದಳು ರುಕ್ಕು. ಮದುವೆಯಾದ ಮೇಲೆ ಅವಳು ನನ್ನ ಬಗ್ಗೆ ಇಷ್ಟು ಧಾರಾಳವಾಗಿ ಆಡಿದ್ದ ಮಾತು ಇದೊಂದೇ. ನಾನು ಉಬ್ಬಿಹೋದೆ.

ಸಯನ್ನಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ವಿನ್ಯಾಸ ಆರಂಭವಾಯಿತು. ಬೇರೆಯವರು ಬರೆದ ಫಂಕ್ಷನ್‌ಗಳ ಜೊತೆ ಕಲಸಿಹೋಗದಂತೆ ನಮ್ಮವುಗಳ ಹೆಸರಿನ ಮುಂದೆ ಒಂದು ಗುರುತು ಇರಬೇಕು. ನಾನು ಎಲ್ಲಕ್ಕೂ 'ರುಕ್ಕು' ಎಂದು ಸೇರಿಸಿದೆ. ರುಕ್ಕು ಓಪನ್, ರುಕ್ಕು ಸೆಂಡ್, ರುಕ್ಕು ಕ್ಲೋಸ್. ತಾಜಮಹಲು ಕಟ್ಟಿಸಿದವನಿಗೆ ಅಮೃತಶಿಲೆ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಸಿ ಭಾಷೆ. ಕೆಲಸ ಗೆದ್ದ ದಿನ ಹೇಳಿ ಅವಳನ್ನು ಬೆರಗುಗೊಳಿಸೋಣವೆಂದು ಗುಟ್ಟಾಗಿಟ್ಟೆ.

ನಮ್ಮ ಆಫೀಸಿನಲ್ಲೂ ಅಂಥದೇ ಒಂದು ಪಿಸಿ, ಅಂಥದೇ ಒಂದು ಬೀರು ಇದ್ದವು. ಮೊದಲ ಪರೀಕ್ಷೆಯಲ್ಲಿ ಪಿಸಿಯಿಂದ ಒಂದು ಪೆಟ್ಟಿಗೆ ಕೆಮ್ಮಿನ ಔಷಧಿ ಕಳಿಸಿದೆ. ಬೀರು ಇನ್ನೂರ ಐವತ್ತಾರು ಪೆಟ್ಟಿಗೆ ಬಂತು ಎಂದಿತು. ಕಾರಣ ಸರಳ. ಒಂದು ಯಂತ್ರ ಅಂಕಿಯನ್ನು ಬಲಗಡೆಯಿಂದ ಜೋಡಿಸಿಟ್ಟರೆ ಇನ್ನೊಂದು ಎಡಗಡೆಯಿಂದ ಜೋಡಿಸಿಡುತ್ತದೆ. ಸರಿ, ತಿರುಗಿಸಿ ಕಳಿಸೋಣ ಎಂದು ಪಿಸಿಯ ಕಡೆ ತಿರುಗಿಸಿದೆ. ಎರಡೂ ಕಡೆ ಒಂದೇ ತೆರನಾಗಿರಬೇಕಲ್ಲ ಎಂದು ಬೀರುವಿನ ಕಡೆಯೂ ತಿರುಗಿಸಿದೆ. ಮತ್ತೆ ಇನ್ನೂರ ಐವತ್ತಾರು! ಲೋಕಲ್ ರೈಲಿನ ಬಾಗಿಲಲ್ಲಿ ಎದುರಾದ ಇಬ್ಬರು ಸಭ್ಯರು ದಾರಿ ಬಿಡಲೆಂದು ಒಂದೇ ಪಕ್ಕಕ್ಕೆ ಸರಿದು ಹಣೆ ಚಚ್ಚಿಕೊಂಡಂತೆ ಆಯಿತು. ಒಂದು ಕಡೆಯ ಉಪಕಾರವನ್ನು ರದ್ದು ಮಾಡಿದ ಮೇಲೆ ಲೆಕ್ಕ ಸರಿಹೋಯಿತು. ಎರಡೂ ಕಡೆಯವರು ಒಂದೇ ಮರ್ಯಾದೆ ತೋರಿಸಿದರೆ ಕೆಲಸ ಕೆಡುತ್ತದೆ ಎಂಬ ಪಾಠವನ್ನು ಬುದ್ಧಿವಂತನಾದವನು ಅಲ್ಲಿಗೇ ಕಲಿಯುತ್ತಿದ್ದ. ನಾನು ಹೋಗಿ ಕೆಳಗಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಯಾರ ಮನೆಗೆ ಹೋದರೂ ಅವರು ಮಾತು ತೆಗೆಯುವವರೆಗೆ ನಾವು ಬಾಯಿ ಬಿಡಕೂಡದು, ಕಾಫಿ ಕೊಟ್ಟರೆ "ಈಗ ತಾನೇ ಆಯ್ತು" ಎನ್ನಬೇಕು, ಬಲವಂತ ಮಾಡಿದ ಮೇಲೆಯೇ ಲೋಟಕ್ಕೆ ಕೈ ಹಾಕಬೇಕು ಎಂಬುದು ನಮ್ಮ ಮನೆಯ ಶಿಕ್ಷಣ. ಈ ಸಂಸ್ಕಾರ ಯಂತ್ರಗಳಿಗೂ ಇರಲಿ ಎಂದು ನನಗೆ ತೋಚಿತು. ಸಂಪರ್ಕ ಆದ ಕೂಡಲೇ ತಮ್ಮದನ್ನು ಒದರುವುದು ಅನಾಗರಿಕ. ಮೊದಲು ಎದುರಿನವರು ಹೇಳುವುದನ್ನು ಕೇಳಿಸಿಕೊಳ್ಳಬೇಕು, ಆಮೇಲೆ ತನ್ನದು ಹೇಳಬೇಕು. ಈ ನಿಯಮವನ್ನು 'ರುಕ್ಕು ಓಪನ್' ಒಳಗೇ ಭದ್ರವಾಗಿ ಸೇರಿಸಿದೆ.

ಪರೀಕ್ಷೆಯನ್ನೂ ಮಾಡಿದ್ದೆ, ಮಾಡದೆ ಇರಲಿಲ್ಲ. ಪಿಸಿಯ ಎದುರಿಗೆ ಒಂದು ಸಣ್ಣ ಪರೀಕ್ಷಾ ಪ್ರೋಗ್ರಾಮು ಇಟ್ಟೆ. ಅದು ತಾನಾಗಿಯೇ ಮೊದಲು ಮಾತಾಡಿಸುವ ಜಾತಿಯದು. ಸರಿಯಾಗಿ ನಡೆಯಿತು. ಆಮೇಲೆ ಅದನ್ನೇ ಬೀರುವಿನ ಎದುರಿಗೆ ಇಟ್ಟೆ. ಅದೂ ಸರಿಯಾಗಿ ನಡೆಯಿತು. ಗಂಡಿಗೂ ಹೆಣ್ಣಿಗೂ ಬೇರೆ ಬೇರೆಯಾಗಿ ಜಾತಕ ನೋಡಿಸಿ, ಇಬ್ಬರದನ್ನೂ ಕೂಡಿಸಿ ನೋಡದೆ ಲಗ್ನಪತ್ರಿಕೆ ಹಂಚಿದವನು ನಾನು.

ಶುಕ್ರವಾರ ಬೆಳಿಗ್ಗೆ ಹೊರಡುವಾಗ, ಧೈರ್ಯ ತುಂಬಿ ತುಳುಕುತ್ತಿದ್ದರೂ, ನಾಲಗೆ ಸುಮ್ಮನಿರಲಿಲ್ಲ.

"ರುಕ್ಕು, ಯಾವುದಕ್ಕೂ ಸಂಜೆವರೆಗೂ ಸಹಿ ಹಾಕ್ಬೇಡ. ನಾಗಪುರದಲ್ಲೂ ಕನ್ನಡ ಶಾಲೆ ಇದ್ದರೂ ಇರಬಹುದು."

ಅವಳು ಟಿಫಿನ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಆಮೇಲೆ ಮಾತಿಲ್ಲ. ನಾನು ಚಪ್ಪಲಿ ಮೆಟ್ಟುವವರೆಗೆ ಕಾದೆ, ಮೆಟ್ಟಿಲ ಹತ್ತಿರವೂ ಕಾದೆ. ಅವಳು ಏನಾದರೂ ಅಂದಿದ್ದರೆ ನಾನೂ ಸಮಾಧಾನ ಹೇಳುತ್ತಿದ್ದೆ. ಅವಳೂ ಹಾಗೆಯೇ ಕಾಯುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಗಿರಾಕಿ ಸಂಸ್ಥೆಯ ಡೈರೆಕ್ಟರು ಶಾ ಅವರು ಸರಿಯಾದ ಹೊತ್ತಿಗೆ ಬಂದು, ಕೈಕಟ್ಟಿ ಕುಳಿತರು. ನಾನು ಮೂರು ಭಾಷೆ ಬೆರೆಸಿ ಭಾಷಣ ಮಾಡಿ, ಎರಡೂ ಕಡೆ ಪ್ರೋಗ್ರಾಮು ಶುರು ಮಾಡಿದೆ. ಪಿಸಿ ಸಂಪರ್ಕ ಆಯಿತು ಎಂದಿತು. ಬೀರುವೂ ಸಂಪರ್ಕ ಆಯಿತು ಎಂದಿತು. ಆಮೇಲೆ ಎರಡೂ ಸುಮ್ಮನಾದವು. ಪಿಸಿ ಬೀರುವಿನ ಮಾತಿಗಾಗಿ ಕಿವಿಗೊಟ್ಟು ಕೂತಿತು. ಬೀರು ಪಿಸಿಯ ಮಾತಿಗಾಗಿ ಕಿವಿಗೊಟ್ಟು ಕೂತಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಪರಮ ಶಾಂತಿ.

ಒಂದಷ್ಟು ಹೊತ್ತಿನ ಮೇಲೆ ಎರಡೂ ಪರದೆಗಳ ಮೇಲೆ, ನಾನೇ ಅಕ್ಕರೆಯಿಂದ ಬರೆದಿಟ್ಟಿದ್ದ ಸಾಲು ದೊಡ್ಡದಾಗಿ ಮೂಡಿತು: ರುಕ್ಕು ಉತ್ತರ ಕೊಡುತ್ತಿಲ್ಲ.

ಶಾ ಅವರು ಕನ್ನಡಕ ಸರಿಮಾಡಿಕೊಂಡು ಆ ಇಂಗ್ಲಿಷ್ ಸಾಲನ್ನು ಓದಿದರು. "ಯೇ ರುಕ್ಕು ಕೌನ್ ಹೈ?"

ಪ್ರಧಾನ್ ಸಾಹೇಬರು ನನ್ನನ್ನು ನೋಡಿದರು. ನಾನು ಸೂರನ್ನು ನೋಡಿದೆ. "ಸಿಸ್ಟಮ್ ಕಾ ನಾಮ್ ಹೈ ಸರ್," ಎಂದೆ.

"ಕಬ್ ಸೇ ಜವಾಬ್ ನಹೀ ದೇ ರಹೀ ಹೈ?" ಯಾವಾಗಿನಿಂದ ಉತ್ತರವಿಲ್ಲ ಎಂದು ಶಾ ಅವರ ಪ್ರಶ್ನೆ.

"ಸುಬಹ್ ಸೇ," ಎಂದುಬಿಟ್ಟೆ. ಬೆಳಿಗ್ಗೆಯಿಂದ ಎಂಬ ಸತ್ಯ ಹಾಗೆ ಬಾಯಿಂದ ಜಾರಿತು.

ಮತ್ತೆ ಶುರು ಮಾಡಿದೆ. ಮತ್ತೆ ಶಾಂತಿ. ತಂತಿ ಬದಲಾಯಿಸಿದೆ, ಪಿಸಿಯನ್ನು ಆರಿಸಿ ಹಚ್ಚಿದೆ, ಬೀರುವಿನ ಬೆನ್ನು ತಟ್ಟಿದೆ. ಎಲ್ಲ ಮುಗಿದ ಮೇಲೂ ಎರಡು ಯಂತ್ರಗಳೂ ನಾನು ಕಲಿಸಿದ ವಿನಯವನ್ನು ಬಿಡಲಿಲ್ಲ. ಶಾ ಅವರು ಎದ್ದು ನಿಂತರು. ಹತ್ತಿರದಲ್ಲೇ ಬೇರೆ ಕೆಲಸವಿದೆ, ನಾಲ್ಕು ಗಂಟೆಗೆ ಇನ್ನೊಮ್ಮೆ ಬರುತ್ತೇನೆ, ಅದೇ ಕೊನೆ ಎಂದು ಹೋದರು. ಪ್ರಧಾನ್ ಸಾಹೇಬರು ನನಗೆ ಕೇಳಿಸುವಂತೆ ನಾಗಪುರದ ರೈಲಿನ ಸಮಯ ವಿಚಾರಿಸಿದರು.

ನನಗೆ ನಿಜಕ್ಕೂ ಅಳು ಬರುವಂತಾಯಿತು. ರುಕ್ಕುವಿನ ಕಾಯಂ ಕೆಲಸ ನನ್ನ ಕೈಯಿಂದಲೇ ಹಾಳಾಗುತ್ತಿತ್ತು. ಕೊನೆಪಕ್ಷ ಬೆಳಗಿನ ಮಾತಿಗೆ ಕ್ಷಮೆ ಕೇಳೋಣ ಎಂದು ಫೋನು ಹಚ್ಚಿದೆ.

ಆಗ ಫೋನು ಇದ್ದವರ ಮನೆ ಇಡೀ ಮಹಡಿಗೆ ಸೇರಿದ್ದು. ನಮ್ಮ ಮಹಡಿಯಲ್ಲಿ ಅದು ಇದ್ದದ್ದು ಗದಗ ಕಡೆಯ ಶಿವಪ್ಪನವರ ಮನೆಯಲ್ಲಿ. ಕಟ್ಟಡ ಕಂಟ್ರಾಕ್ಟರು; ಕೆಳಗೆ ನಿಂತು ಆರನೇ ಮಹಡಿಯ ಗಾರೆಯವನ ಜೊತೆ ಮಾತಾಡಿ ಮಾತಾಡಿ ಹದಗೊಂಡ ಗಂಟಲು. ಊಟಕ್ಕೆ ಮನೆಗೆ ಬಂದಿದ್ದರು.

"ತಡೀರಿ ಸರ, ಬಾಯಾರನ್ನ ಕರೀತೀನಿ," ಎಂದವರು ರಿಸೀವರು ಕೆಳಗಿಡದೆಯೇ ಕೂಗಿದರು. ನನ್ನ ಎಡಗಿವಿ ಮುಚ್ಚಿಹೋಯಿತು.

ರುಕ್ಕು ಬಂದಳು. ಬಳೆಯ ಸದ್ದಿನಿಂದ ಗೊತ್ತಾಯಿತು. ಆದರೆ ಹಲೋ ಎನ್ನಲಿಲ್ಲ. ಬೆಳಗಿನ ಕೋಪ ಇನ್ನೂ ಇಳಿದಿಲ್ಲ, ಅವಳೇ ಮೊದಲು ಬೈಯಲಿ, ಆಮೇಲೆ ತಪ್ಪಾಯಿತು ಎನ್ನೋಣ ಎಂದು ನಾನು ಕಾದೆ. ಫೋನು ಮಾಡಿದವರು ಇವರು, ಇವರೇ ಮೊದಲು ಮಾತಾಡಲಿ ಎಂದು ಅವಳು ಕಾದಳು. ಇಬ್ಬರೂ ಒಬ್ಬರ ಉಸಿರನ್ನೊಬ್ಬರು ಕೇಳುತ್ತಾ ನಿಂತೆವು.

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಶಿವಪ್ಪನವರಿಗೆ ತಡೆಯಲಾಗಲಿಲ್ಲ.

"ಏನ್ರೀ ಇದು? ಇಬ್ರೂ ಕಿವಿ ಹಚ್ಕೊಂಡು ನಿಂತ್ರ ಮಾತಾಡಾವ್ರು ಯಾರ್ರೀ? ಯಾರರ ಒಬ್ರು ಶುರು ಮಾಡ್ರಿ!"

ನನ್ನ ಕಣ್ಣೆದುರು ಪಿಸಿ ಮತ್ತು ಬೀರು ಒಟ್ಟಿಗೆ ಕಾಣಿಸಿಕೊಂಡವು.

"ಸಿಕ್ತು!" ಎಂದು ಕಿರುಚಿ ಫೋನು ಕುಕ್ಕಿ ಓಡಿದೆ. ಕ್ಷಮೆ ಕೇಳುವುದು ಅಲ್ಲೇ ಉಳಿಯಿತು.

ಮಾಡಬೇಕಾಗಿದ್ದದ್ದು ಇಷ್ಟೇ. ಸಂಪರ್ಕ ಬೇಡಿ ಬಂದವರು ಮೊದಲು ಮಾತಾಡಬೇಕು, ಬಾಗಿಲು ತೆರೆದವರು ಕೇಳಿಸಿಕೊಳ್ಳಬೇಕು. 'ರುಕ್ಕು ಓಪನ್'ಗೆ ನೀನು ಬಂದವಳೋ ಮನೆಯವಳೋ ಎಂದು ತಿಳಿಸುವ ಒಂದು ಗುರುತು ಸೇರಿಸಿದೆ. ಸಾಂಬಾರಿನ ವಾಸನೆಯನ್ನೂ ಲೆಕ್ಕಿಸದೆ ಊಟ ಬಿಟ್ಟು ಕುಳಿತೆ. ನಾಲ್ಕಕ್ಕೆ ಶಾ ಅವರು ಬಂದು, ತಮ್ಮ ಕೈಯಿಂದಲೇ ಪಿಸಿಯಲ್ಲಿ ಒಂದು ಪೆಟ್ಟಿಗೆ ಕೆಮ್ಮಿನ ಔಷಧಿ ಎಂದು ಒತ್ತಿದರು. ಬೀರುವಿನ ಪರದೆಯ ಮೇಲೆ ಒಂದೇ ಒಂದು ಪೆಟ್ಟಿಗೆ ಬಂದು ಇಳಿಯಿತು. ನನ್ನ ಜೀವನದಲ್ಲಿ ಒಂದು ಎಂಬ ಅಂಕಿ ಅಷ್ಟು ಸುಂದರವಾಗಿ ಎಂದೂ ಕಂಡಿರಲಿಲ್ಲ. ಶಾ ಅವರು ತಲೆಯಾಡಿಸಿ, "ಅಬ್ ಮೇಡಂ ಬೋಲ್ ರಹೀ ಹೈ," ಎಂದು ಪ್ರಧಾನ್ ಸಾಹೇಬರ ಕೈ ಕುಲುಕಿದರು.

ಲೋಕಲ್ಲಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದರೂ ನನಗೆ ತೇಲುತ್ತಾ ಬಂದಂತಿತ್ತು. ಬಾಗಿಲು ತೆರೆದ ರುಕ್ಕು ಹಬ್ಬದ ಸೀರೆ ಉಟ್ಟಿದ್ದಳು. ಒಳಗಿಂದ ಕೇಸರಿಬಾತಿನ ಘಮ.

ಈ ಸಲ ನಾನೇ ಮೊದಲು ಶುರು ಮಾಡಿದೆ. "ರುಕ್ಕು, ತಪ್ಪಾಯ್ತು. ನೀನು ಧೈರ್ಯವಾಗಿ ಹೋಗಿ ಸಹಿ ಹಾಕು. ನಾಗಪುರ ಇಲ್ಲ."

"ಮಧ್ಯಾಹ್ನವೇ ಹಾಕಿ ಬಂದೆ. ಸಿಕ್ತು ಅಂತ ನೀವೇ ಫೋನಲ್ಲಿ ಅಂದ್ರಲ್ಲ?"

ಆಗ ಸಿಕ್ಕಿದ್ದದ್ದು ಪ್ರೋಗ್ರಾಮಿನಲ್ಲಿದ್ದ ತಪ್ಪು ಮಾತ್ರ. "ಅಕಸ್ಮಾತ್ ಸಿಗದೇ ಹೋಗಿದ್ರೆ?"

"ನೀವು ನಾಗಪುರಕ್ಕೆ ಹೋಗ್ತಿದ್ರಿ. ತಿಂಗಳಿಗೊಂದು ಸಲ ಉಪ್ಪಿನಕಾಯಿ ಕಳಿಸ್ತಿದ್ದೆ," ಎಂದು ನಕ್ಕಳು. ನಾನೂ ನಕ್ಕೆ. ಆ ಹೊತ್ತಿಗೆ ಮುಂಬಯಿಯಲ್ಲಿ ನಮ್ಮಷ್ಟು ಸುಖಿಗಳು ಯಾರೂ ಇರಲಿಲ್ಲ. ತಟ್ಟೆಗೆ ಕೇಸರಿಬಾತು ಬಿತ್ತು. ಇದೇ ಸಮಯ, ಆ ಗುಟ್ಟಿನ ಹೆಸರಿನ ವಿಚಾರ ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಹೊರಗಿನಿಂದ ಶಿವಪ್ಪನವರ ಧ್ವನಿ ಇಡೀ ಬಿಲ್ಡಿಂಗಿಗೆ ಕೇಳಿಸುವಂತೆ ಬಂತು.

"ಸರ! ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು! ಬೆಳಿಗ್ಗೆ ರುಕ್ಕು ಬಾಯೇ ಬಿಡಲಿಲ್ಲಂತ, ಈಗ ಚಲೋ ಉತ್ತರ ಕೊಡಾಕತ್ತಾಳಂತ! ಸೋಮವಾರದಿಂದ ಎಲ್ಲಾ ಗೋಡೌನಿಗೂ ಆಕೀನ್ನ ಹಾಕ್ತಾರಂತ್ರೀ!"

ಎದುರಿನ ಮನೆಯ ಕಿಟಕಿ ತೆರೆಯಿತು. ಮೇಲಿನ ಮಹಡಿಯದೂ ತೆರೆಯಿತು. ರುಕ್ಕು ಸೌಟನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದಳು.

"ಏನಂತೆ ಅದು?" ಎಂದಳು, ಬಹಳ ಮೆಲ್ಲಗೆ.

ನಾನು ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ಕೇಸರಿಬಾತು ತಿನ್ನತೊಡಗಿದೆ. ಎದುರಿನವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಬಾಯಿ ತೆರೆಯಬೇಕು ಎಂಬ ನನ್ನ ಮೊದಲಿನ ವಿನ್ಯಾಸ ಯಂತ್ರಗಳಿಗೆ ಒಗ್ಗದಿರಬಹುದು, ಗಂಡಂದಿರಿಗೆ ಅದೇ ಸರಿ. ಅವಳು ಹೇಳಿ ಮುಗಿಸುವ ಹೊತ್ತಿಗೆ ಪಾತ್ರೆಯಲ್ಲಿದ್ದ ಕೇಸರಿಬಾತೂ ಮುಗಿದಿತ್ತು.