ಅಧ್ಯಕ್ಷರ ಕುರ್ಚಿ ಹನ್ನೊಂದು ನಿಮಿಷ ಖಾಲಿ ಬಿದ್ದ ಬಗ್ಗೆ

ಸಂಘಗಳ ಸಭಾ ಶಿಸ್ತು ವಿಭಾಗ
ಸಂಖ್ಯೆ: ಸಶಿ/ಕುರ್ಚಿ/೧೧/ತುರ್ತು (ಮೂರನೇ ಸಲ ತಿದ್ದಿದ್ದು)

ವಿಷಯ: ಸಭೆಯ ಅಧ್ಯಕ್ಷತೆ ವಹಿಸುವವರ ಹೊಣೆಗಾರಿಕೆಗಳು ಹಾಗೂ ಮೆಟ್ಟಿಲಿನ ಕಂಬಿಯ ಕುರಿತು.

ಉಲ್ಲೇಖ: ೧) ಮಾನ್ಯ ಅಧ್ಯಕ್ಷರ ಮೌಖಿಕ ದೂರು. ೨) ಅದೇ ದೂರು, ಇನ್ನಷ್ಟು ಜೋರಾಗಿ.

ಓದುಗರ ಸಂಘದ ಕಳೆದ ಸಭೆಯಲ್ಲಿ ಮಾನ್ಯ ಅಧ್ಯಕ್ಷರು ಮೊದಲ ವಿಷಯವಾದ 'ಸ್ವಾಗತ'ದ ಮೇಲೆ ನಲವತ್ತು ನಿಮಿಷ ಮಾತನಾಡಿ, ಬೀಗರ ಫೋನು ಬಂದ ಪ್ರಯುಕ್ತ ವರಾಂಡಕ್ಕೆ ತೆರಳಿದರು. ಆಗ ಎಲ್ಲರೂ ಟೈಲರಕ್ಕ ಎಂದು ಕರೆಯುವ, ಮಂಡಿನೋವಿನ ಸದಸ್ಯೆಯು ಆ ಕುರ್ಚಿಯಲ್ಲಿ ಕುಳಿತು ಹನ್ನೊಂದೇ ನಿಮಿಷದಲ್ಲಿ ಒಂಬತ್ತೂ ವಿಷಯಗಳನ್ನು ಮುಗಿಸಿಬಿಟ್ಟಿರುವುದು ಗಮನಕ್ಕೆ ಬಂದಿದೆ.

ಒಂಬತ್ತನೆಯದು ಸಭೆ ಸೇರುವ ಮಹಡಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸುವುದು. ಎರಡು ವರ್ಷದಿಂದ ಅದು ಒಂಬತ್ತನೆಯದಾಗಿಯೇ ಇದ್ದು, ಪ್ರತಿ ಸಭೆಯೂ ಮೂರನೆಯದಕ್ಕೇ ವಂದನಾರ್ಪಣೆ ಕಾಣುತ್ತಿತ್ತು. ಈ ನಡುವೆ ಆಕೆ ಎರಡು ಸಲ ಜಾರಿ ಬಿದ್ದಿದ್ದು, ಸಂಘವು ಎರಡು ಸಲವೂ ಕ್ರಮಬದ್ಧವಾಗಿ ವಿಷಾದಿಸಿದೆ. ಕುರ್ಚಿಯಿಂದ ಆಕೆ ಹೇಳಿದ್ದು ಇಷ್ಟೇ: "ಇನ್ನೊಂದ್ಸಲ ಬಿದ್ರೆ ನಾನು ಈ ಕಡೆ ತಲೆ ಹಾಕಲ್ಲ. ಕಂಬಿ ಬೇಕು ಅನ್ನೋರು ಕೈ ಎತ್ತಿ." ತೂಕಡಿಸುತ್ತಿದ್ದ ಕಾರ್ಯದರ್ಶಿಯೂ ಸೇರಿ ಎಲ್ಲರೂ ಎತ್ತಿದರು. ಮರುದಿನ ಬೆಳಿಗ್ಗೆಯೇ ವೆಲ್ಡಿಂಗ್ ಅಂಗಡಿಯವನು ಕಂಬಿ ಕೂರಿಸಿದ. ಸಂಘದ ಇತಿಹಾಸದಲ್ಲಿ ಇಂಥ ಅವಸರ ಇದೇ ಮೊದಲು.

ಆದಕಾರಣ ಈ ಕೆಳಕಂಡಂತೆ ವಿಧಿಸಲಾಗಿದೆ:

೧. ಸಭೆ ಬೇಗ ಮುಗಿಯದಂತೆ ನೋಡಿಕೊಳ್ಳುವುದು ಅಧ್ಯಕ್ಷರ ಆದ್ಯ ಹೊಣೆ. ಸದಸ್ಯರು ಎರಡು ಮಾತಿನಲ್ಲಿ ಹೇಳಿದ್ದನ್ನು "ಅಂದರೆ ಇವರ ಅಭಿಪ್ರಾಯ ಏನೆಂದರೆ" ಎಂದು ಆರಂಭಿಸಿ, ಅವರಿಗೇ ಮರೆತುಹೋಗುವವರೆಗೆ ವಿವರಿಸತಕ್ಕದ್ದು.

೨. ಎಲ್ಲರೂ ಒಪ್ಪಿದ ವಿಷಯವನ್ನು ಅನುಮಾನದಿಂದ ಕಂಡು ಉಪಸಮಿತಿಗೆ ವಹಿಸತಕ್ಕದ್ದು. ಉಪಸಮಿತಿಗೂ ಅಧ್ಯಕ್ಷರೇ ಅಧ್ಯಕ್ಷರು.

೩. ಅಧ್ಯಕ್ಷರು ಹೊರಗೆ ಹೋಗುವಾಗ ಕುರ್ಚಿಯನ್ನು ಜೊತೆಗೇ ಒಯ್ಯತಕ್ಕದ್ದು. ಸೊಂಟ ಹಿಡಿದುಕೊಳ್ಳುವ ಸಂಭವವಿದ್ದಲ್ಲಿ ತಮ್ಮ ಕೋಟನ್ನು ಕುರ್ಚಿಗೆ ತೊಡಿಸಿ ಹೋಗಬಹುದು. ಸದಸ್ಯರು ಕೋಟನ್ನು 'ಮಾನ್ಯರೇ' ಎಂದು ಸಂಬೋಧಿಸತಕ್ಕದ್ದು. ಮತಗಳು ಸಮ ಬಿದ್ದಲ್ಲಿ ಕೋಟಿನ ಮೌನವೇ ಅಂತಿಮ.

೪. ಸದರಿ ಕಂಬಿಯು ಅಕ್ರಮವಾಗಿರುವುದರಿಂದ ಅದನ್ನು ಯಾರೂ ಹಿಡಿಯಕೂಡದು. ದೂರು ಕೊಡಲು ಇಳಿದು ಬರುವಾಗ ಅಧ್ಯಕ್ಷರು ಎರಡೂ ಕೈಯಲ್ಲಿ ಹಿಡಿದದ್ದನ್ನು ತಪಾಸಣೆ ಎಂದು ಪರಿಗಣಿಸಲಾಗಿದೆ.

೫. ಕಂಬಿಯನ್ನು ಕಿತ್ತುಹಾಕಿಸುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ. ಅದರ ಕ್ರಮಸಂಖ್ಯೆ ಒಂಬತ್ತು.

(ಸಹಿ ಓದಲಾಗದು)
ಅಧೀಕ್ಷಕರು
ಅಧ್ಯಕ್ಷರ ಪರವಾಗಿ, ಅವರು ಫೋನಿನಲ್ಲಿರುವುದರಿಂದ

ಪ್ರತಿಗಳು:
೧. ಮಾನ್ಯ ಅಧ್ಯಕ್ಷರಿಗೆ, ಓದಿ ವಿವರಿಸಲು.
೨. ಅವರ ಕೋಟಿಗೆ, ಮಾಹಿತಿಗಾಗಿ.
೩. ವೆಲ್ಡಿಂಗ್ ಅಂಗಡಿಗೆ, ಇಷ್ಟು ಗಟ್ಟಿಯಾಗಿ ಕೂರಿಸಿದ್ದೇಕೆಂದು ಸಮಜಾಯಿಷಿ ಕೋರಿ.
೪. ಟೈಲರಕ್ಕನವರಿಗೆ, ಎಚ್ಚರಿಕೆಯಾಗಿ. ಈ ಪ್ರತಿಯನ್ನು ಪಡೆಯಲು ಅವರು ಖುದ್ದು ಸಂಘದ ಮಹಡಿಗೆ ಹತ್ತಿ ಹೋಗಿದ್ದರು. ಮೆಟ್ಟಿಲ ನಡುವೆ ಎಲ್ಲೂ ನಿಲ್ಲಲಿಲ್ಲವೆಂದು ವರದಿಯಾಗಿದೆ.